ಕೂಲ್ ಶರ್ಟ್ ರಿವ್ಯೂ: ಕಾದ ಕಾಕ್‌ಪಿಟ್‌ನಲ್ಲಿ ಮೈಯ ಶಾಖ ಎಲ್ಲಿಗೆ ಹೋಗಬೇಕು?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿದ ರೇಸ್ ಕಾರಿನಲ್ಲಿ, ಬಿಸಿಲುಗಾಲದಲ್ಲಿ, ಒಂದೇ ಸಲಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಕೂರುವವರು ನೀವಾದರೆ ಐಸ್ ಪೆಟ್ಟಿಗೆಯ ಕೂಲ್ ಶರ್ಟ್ ಸೆಟ್ ತಗೊಳ್ಳಿ. ಹೊಸ ಟಯರು, ಹೊಸ ಡ್ಯಾಂಪರ್ ಎಲ್ಲ ಆಮೇಲೆ. ಹತ್ತು ನಿಮಿಷದ ಸ್ಪ್ರಿಂಟ್ ಮಾತ್ರ ಓಡಿಸುವವರಿಗೆ ಇಷ್ಟೆಲ್ಲ ಬೇಡ. ರೇಸಿಗೆ ಮುಂಚೆ ನೆರಳಲ್ಲಿ ಕೂತು ಮೈ ತಣ್ಣಗಿಟ್ಟುಕೊಂಡರೆ ಸಾಕು. ಆದರೆ ಸೆಟ್ ತಗೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಂದೇ ಸೆಟ್ ಒಬ್ಬರ ಕಾರಿನಲ್ಲಿ ರೇಸ್ ಮುಗಿಯುವವರೆಗೂ ತಂಪು ಕೊಡುತ್ತದೆ, ಇನ್ನೊಬ್ಬರ ಕಾರಿನಲ್ಲಿ ಅರ್ಧಕ್ಕೇ ಕೈಕೊಡುತ್ತದೆ. ವ್ಯತ್ಯಾಸ ಇರುವುದು ಅಂಗಿಯಲ್ಲಲ್ಲ, ಅದನ್ನು ಜೋಡಿಸಿದ ರೀತಿಯಲ್ಲಿ. ಹಾಗಾಗಿ ಇಲ್ಲಿ ಅಂಗಿಗಿಂತ ಪೆಟ್ಟಿಗೆ, ಪಂಪು, ಪೈಪಿನ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಇದನ್ನು ನೋಡದೇ ಇರುವವರಿಗೆ ಸ್ವಲ್ಪ ವಿವರ. ಮೈಗೆ ಅಂಟಿಕೊಳ್ಳುವ ಒಂದು ಬನಿಯನ್, ಅದರ ಎದೆ ಮತ್ತು ಬೆನ್ನಿನ ಮೇಲೆ ಹಾವಿನಂತೆ ಅತ್ತಿತ್ತ ಸಾಗುವ ಸಣ್ಣ ಪ್ಲಾಸ್ಟಿಕ್ ಟ್ಯೂಬ್‌ಗಳನ್ನು ಹೊಲಿದಿರುತ್ತಾರೆ. ಪಕ್ಕದ ಸೀಟಿನ ಜಾಗದಲ್ಲಿ ಥರ್ಮೋಕೋಲ್‌ನಂಥ ಫೋಮ್ ತುಂಬಿದ ಗೋಡೆಯ ಒಂದು ಐಸ್ ಪೆಟ್ಟಿಗೆ. ಒಳಗೆ 12 ವೋಲ್ಟಿನ ಪುಟ್ಟ ಪಂಪು. ಪೆಟ್ಟಿಗೆಯಿಂದ ಅಂಗಿಗೆ ಒಂದು ಪೈಪು, ಅಂಗಿಯಿಂದ ವಾಪಸ್ ಒಂದು ಪೈಪು, ಎರಡಕ್ಕೂ ಮೇಲೊಂದು ಫೋಮ್ ಹೊದಿಕೆ. ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್. ಅಷ್ಟೇ. ಯಾರ ಸೆಟ್ ತಗೊಂಡರೂ ಒಳಗಿನ ಹೂರಣ ಹೆಚ್ಚುಕಡಿಮೆ ಇದೇ, ಅದಕ್ಕೇ ಒಂದು ಬ್ರ್ಯಾಂಡಿನ ಬಗ್ಗೆ ಬರೆಯದೆ ಈ ಬಗೆಯ ಸೆಟ್‌ಗಳ ಬಗ್ಗೆಯೇ ಬರೆಯುತ್ತಿದ್ದೇನೆ. ನಾನು ಬಳಸಿದ್ದು ಎರಡು ಕಡೆಯವರದ್ದು, ಎರಡನ್ನೂ ಉದ್ದದ ರೇಸ್‌ಗಳಲ್ಲಿ, ಪಾಳಿ ಮೇಲೆ ಓಡಿಸುವ ಕಾರಿನಲ್ಲಿ.

ಈಗ ಮುಖ್ಯ ವಿಷಯ. ತಂಪು ಅನ್ನಿಸುವುದು ಬೇರೆ, ಮೈಯಿಂದ ಶಾಖ ಹೊರಗೆ ಹೋಗುವುದು ಬೇರೆ. ಕಾಕ್‌ಪಿಟ್ ತಂಪು ಮಾಡುವ ಯಾವ ಸಾಮಾನು ಕೊಳ್ಳುವಾಗಲೂ ನಾನು ಕೇಳುವ ಪ್ರಶ್ನೆ ಇದೊಂದೇ: ಶಾಖ ಎಲ್ಲಿಗೆ ಹೋಗುತ್ತದೆ? ಜೋರಾಗಿ ಓಡಿಸುತ್ತಿರುವ ಚಾಲಕನ ಮೈ ನೂರಾರು ವ್ಯಾಟ್ ಶಾಖ ಹುಟ್ಟಿಸುತ್ತಲೇ ಇರುತ್ತದೆ. ಸಾಮಾನ್ಯವಾಗಿ ಬೆವರು ಆರಿ ಅದನ್ನು ತೆಗೆದುಕೊಂಡು ಹೋಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖ ಹೋಗುತ್ತದೆ, ಅಷ್ಟನ್ನೇ ಐಸ್ ಕರಗಿಸಿ ಹೀರಬೇಕೆಂದರೆ 7 ಕೆಜಿ ಐಸ್ ಬೇಕು. ದೇಹದ ಸ್ವಂತ ವ್ಯವಸ್ಥೆ ಅಷ್ಟು ಬಲವಾದದ್ದು. ಆದರೆ ಅದರ ಮೇಲೆ ಎರಡು-ಮೂರು ಪದರದ ಬೆಂಕಿ ನಿರೋಧಕ ಸೂಟ್, ಒಳಬಟ್ಟೆ, ಮುಖವಾಡ, ಕೈಗವಸು, ಹೆಲ್ಮೆಟ್ ಹಾಕಿದರೆ ಪಾತ್ರೆಗೆ ಮುಚ್ಚಳ ಬಿಗಿದ ಹಾಗೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ನೀರೂ ಹೋಯಿತು, ಶಾಖವೂ ಉಳಿಯಿತು.

ಇದರ ಲೆಕ್ಕ ಒಮ್ಮೆ ಹಾಕಿ ನೋಡಿ. 70 ಕೆಜಿ ಮೈಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಸುಮಾರು 245 ಕಿಲೋಜೂಲ್. ಹೊರಗೆ ಹೋಗಲಾರದ ಶಾಖ 300 ವ್ಯಾಟ್ ಉಳಿದರೆ 14 ನಿಮಿಷಕ್ಕೆ ಮೈ ಒಂದು ಡಿಗ್ರಿ ಏರುತ್ತದೆ. 37ರಿಂದ 39ಕ್ಕೆ ಅರ್ಧ ಗಂಟೆ ಸಾಕು! ನಿಜ ಜೀವನದಲ್ಲಿ ಅಷ್ಟಿಷ್ಟು ಶಾಖ ಹೇಗೋ ಹೊರಗೆ ಹೋಗುತ್ತದೆ, ಹಾಗಾಗಿ ಅಷ್ಟು ಬೇಗ ಏರುವುದಿಲ್ಲ. ಆದರೂ ಅರ್ಧ ಗಂಟೆ ಅಂತ ನಾನು ಮೇಲೆ ಗೆರೆ ಎಳೆದದ್ದು ಸುಮ್ನೆ ಅಲ್ಲ.

ಫಾರ್ಮುಲಾ ಒನ್ ಕಾರುಗಳ 2023ರ ಕತಾರ್ ಗ್ರಾಂಡ್ ಪ್ರಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ನಡೆದ ರೇಸ್ ಅದು, ಬಿಸಿಲೇ ಇರಲಿಲ್ಲ, ಕಾರುಗಳ ಮೇಲೆ ಛಾವಣಿಯೂ ಇಲ್ಲ. ಟಯರ್ ಸುರಕ್ಷತೆಗೆಂದು ಒಂದು ಸೆಟ್ಟಿಗೆ 18 ಸುತ್ತು ಅಂತ ಮಿತಿ ಹಾಕಿದ್ದರಿಂದ ಯಾರೂ ಟಯರ್ ಉಳಿಸುತ್ತಾ ನಿಧಾನ ಹೋಗುವ ಹಾಗಿರಲಿಲ್ಲ, 57 ಸುತ್ತೂ ಪೂರ್ತಿ ವೇಗ. ಎಸ್ತೆಬಾನ್ ಓಕಾನ್ ಹೆಲ್ಮೆಟ್ ಒಳಗೇ ವಾಂತಿ ಮಾಡಿಕೊಂಡು ಓಡಿಸಿದರು. ಲೋಗನ್ ಸಾರ್ಜೆಂಟ್ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಲ್ಯಾನ್ಸ್ ಸ್ಟ್ರೋಲ್ ವೇಗದ ತಿರುವುಗಳಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು ಎಂದರು. ವರ್ಷವಿಡೀ ಇದಕ್ಕೇ ತರಬೇತಿ ಮಾಡುವವರ ಗತಿ ಇದಾದರೆ, ವಾರವೆಲ್ಲ ಬೇರೆ ಕೆಲಸ ಮಾಡಿ ಭಾನುವಾರ ರೇಸಿಗೆ ಬರುವ ನಮ್ಮಂಥವರ ಪಾಡೇನು? ಇಂಜಿನ್ನಿನ ಗೋಡೆ ಕಾಲ ಹತ್ತಿರ, ಎಕ್ಸಾಸ್ಟ್ ಪೈಪ್ ಸೀಟಿನ ಕೆಳಗೆ, ಕಿಟಕಿ ಅರ್ಧ ಮುಚ್ಚಿದ ಕಾರಿನ ಒಳಗೆ 50 ಡಿಗ್ರಿ ದಾಟುವುದು ದೊಡ್ಡ ಮಾತೇ ಅಲ್ಲ.

ಬಳಸಿದಾಗ ಹೇಗಿರುತ್ತದೆ? ಸ್ವಿಚ್ ಹಾಕಿದ ತಕ್ಷಣ ಬೆನ್ನಿಗೆ ತಣ್ಣನೆ ಗೆರೆಗಳು ಎಳೆದ ಹಾಗೆ ಆಗುತ್ತದೆ. ಉಸಿರು ಒಮ್ಮೆ ಬಿಗಿಯುತ್ತದೆ. ಎರಡು ಸುತ್ತು ಕಳೆಯುವಷ್ಟರಲ್ಲಿ ಅದು ಮರೆತೇ ಹೋಗುತ್ತದೆ. ಆಮೇಲೆ ನಿಮಗೆ ತಂಪು ಅಂತ ಏನೂ ಅನ್ನಿಸುವುದಿಲ್ಲ, ಮುಖ ಬೆವರುತ್ತದೆ, ಕೈ ಬೆವರುತ್ತದೆ, ಕಾಲು ಕಾದೇ ಇರುತ್ತದೆ. ಇದೇನು ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ಅನುಮಾನ ಬರುವುದು ಇಲ್ಲೇ. ನಿಜವಾದ ಲಾಭ ಕಾಣುವುದು ಪಾಳಿಯ ಕೊನೆಯಲ್ಲಿ. ಬ್ರೇಕ್ ಹಿಡಿಯುವ ಜಾಗ ಮೊದಲ ಸುತ್ತಿನಲ್ಲಿ ಎಲ್ಲಿತ್ತೋ ಕೊನೆಯಲ್ಲೂ ಅಲ್ಲೇ ಇರುತ್ತದೆ, ಕನ್ನಡಿ ನೋಡುವುದು ಬಿಟ್ಟುಹೋಗಿರುವುದಿಲ್ಲ, ರೇಡಿಯೋದಲ್ಲಿ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತೀರಿ. ಕಾರಿನಿಂದ ಇಳಿದಾಗ ತಲೆ ಸುತ್ತಿ ಗೋಡೆ ಹಿಡಿಯುವ ಪ್ರಮೇಯ ಬರುವುದಿಲ್ಲ. ಸಂಜೆಯ ತಲೆನೋವು ಇಲ್ಲ. ನನಗಂತೂ ಇದಕ್ಕಿಂತ ದೊಡ್ಡ ಲಾಭ ಬೇಕಿಲ್ಲ.

ಎಷ್ಟು ಹೊತ್ತು ಬರುತ್ತದೆ ಅನ್ನುವುದನ್ನು ತಯಾರಕರ ಜಾಹೀರಾತು ನೋಡಿ ನಂಬಬೇಡಿ, ನೀವೇ ಲೆಕ್ಕ ಹಾಕಬಹುದು. ಒಂದು ಕೆಜಿ ಐಸ್ ಕರಗುವಾಗ 334 ಕಿಲೋಜೂಲ್ ಹೀರುತ್ತದೆ. ಕರಗಿದ ನೀರು ಸೊನ್ನೆಯಿಂದ 20 ಡಿಗ್ರಿಗೆ ಬರುವಷ್ಟರಲ್ಲಿ ಇನ್ನೊಂದು 84. ಐದು ಕೆಜಿ ಐಸ್ ಅಂದರೆ ಒಟ್ಟು ಸುಮಾರು 2100 ಕಿಲೋಜೂಲ್. ಅಂಗಿ ನಿಮ್ಮ ಮೈಯಿಂದ 300 ವ್ಯಾಟ್ ಎಳೆಯುತ್ತಿದ್ದರೆ ಸುಮಾರು ಎರಡು ಗಂಟೆ ಬರಬೇಕು. ಆದರೆ ಐಸ್ ಕರಗಿಸುವುದು ನಿಮ್ಮ ಮೈ ಮಾತ್ರ ಅಲ್ಲ. ಪೆಟ್ಟಿಗೆ ಕಾದ ನೆಲದ ಮೇಲೆ ಕೂತಿದೆ, ಪೈಪು ಎಕ್ಸಾಸ್ಟ್ ಸುರಂಗದ ಪಕ್ಕ ಹಾದುಹೋಗುತ್ತದೆ, ಅದರ ಹೊದಿಕೆ ಎರಡು ಕಡೆ ಹರಿದಿದೆ ಅಂದುಕೊಳ್ಳಿ. ಆ ದಾರಿಯಲ್ಲೇ 100 ವ್ಯಾಟ್ ಸೋರಿದರೆ ಎರಡು ಗಂಟೆ ಒಂದೂವರೆ ಗಂಟೆಗೂ ಕಡಿಮೆಯಾಗುತ್ತದೆ. ನೀವು ಹೊತ್ತು ತಂದ ಐಸಿನಲ್ಲಿ ಕಾಲು ಭಾಗ ಕಾರನ್ನು ತಂಪು ಮಾಡಲು ಹೋಯಿತು. ಅದಕ್ಕೇ ಹೇಳುವುದು, ಪೆಟ್ಟಿಗೆಯ ಕೆಳಗೆ ದಪ್ಪ ಫೋಮ್ ಹಾಕಿ, ಅದರ ಮೇಲೆ ಬಿಸಿಲು ಬೀಳದ ಹಾಗೆ ಬೆಳ್ಳಿ ಬಣ್ಣದ ಹಾಳೆ ಹೊದಿಸಿ, ಪೈಪನ್ನು ಆದಷ್ಟು ಚಿಕ್ಕದಾಗಿ ಕತ್ತರಿಸಿ. ಇದಕ್ಕೆ ಖರ್ಚು ಹೆಚ್ಚೇನಿಲ್ಲ, ಸಿಗುವ ಲಾಭ ದೊಡ್ಡ ಪೆಟ್ಟಿಗೆ ಕೊಂಡಷ್ಟೇ.

ಐಸಿನ ಆಕಾರದ ಬಗ್ಗೆ ಜನ ಜಗಳವನ್ನೇ ಆಡುತ್ತಾರೆ. ನನ್ನ ಅನುಭವ ಹೇಳುತ್ತೇನೆ. ಪುಡಿ ಐಸ್ ಬೇಗ ತಂಪು ಕೊಡುತ್ತದೆ, ಬೇಗ ಖಾಲಿಯಾಗುತ್ತದೆ, ಚೂರು ಪಂಪಿನ ಬಾಯಿಗೆ ಸಿಕ್ಕಿಕೊಳ್ಳುವ ಭಯ ಬೇರೆ. ಸಣ್ಣ ಐಸ್ ತುಂಡುಗಳು ಪರವಾಗಿಲ್ಲ, ಆದರೆ ಕಾರು ಕುಲುಕದೆ ನಿಂತಿದ್ದಾಗ ಅವು ಒಂದಕ್ಕೊಂದು ಅಂಟಿ ಮೇಲೆ ಸೇತುವೆ ಕಟ್ಟಿಕೊಳ್ಳುತ್ತವೆ, ವಾಪಸ್ ಬಂದ ಬೆಚ್ಚನೆ ನೀರು ಐಸನ್ನು ಮುಟ್ಟದೇ ಕೆಳಗಿನಿಂದ ಸೀದಾ ಪಂಪಿಗೆ ಹೋಗುತ್ತದೆ. ಪೆಟ್ಟಿಗೆ ತುಂಬ ಐಸ್ ಇದ್ದೂ ಅಂಗಿ ಬೆಚ್ಚಗಿದ್ದರೆ ಕಾರಣ ಇದೇ, ಮುಚ್ಚಳ ತೆಗೆದು ಕೈ ಹಾಕಿ ಒಡೆಯಿರಿ. ನಾನು ಈಗ ಮಾಡುವುದು ಇಷ್ಟು: ಪ್ಲಾಸ್ಟಿಕ್ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತೇನೆ, ಸಂದುಗಳಿಗೆ ತಣ್ಣೀರು ಮತ್ತು ಸ್ವಲ್ಪ ಐಸ್ ತುಂಡು. ಪಾಳಿ ಬದಲಾಗುವಾಗ ಕರಗಿದ ಬಾಟಲಿ ತೆಗೆದು ಹೊಸದು ಇಟ್ಟರೆ ಆಯಿತು, ನೀರು ಚೆಲ್ಲುವುದಿಲ್ಲ, ರೇಸಿನ ಮಧ್ಯೆ ಕಾರು ನಿಲ್ಲಿಸುವ ಪಿಟ್‌ನಲ್ಲಿ ಯಾರೂ ಜಾರಿ ಬೀಳುವುದಿಲ್ಲ. ಬಾಟಲಿ ಒಳಗಿನ ಐಸ್ ಸ್ವಲ್ಪ ನಿಧಾನವಾಗಿ ಕರಗುತ್ತದೆ ನಿಜ. ಉದ್ದದ ರೇಸಿಗೆ ಅದೇ ಬೇಕಲ್ವಾ?

ಇನ್ನು ಪಂಪು. ನಾನು ಮೊದಲು ತಗೊಂಡ ಸೆಟ್ಟಿನ ಪಂಪು ರೇಸಿನ ಮಧ್ಯೆ ನಿಂತುಹೋಯಿತು. ತಯಾರಕರು ಯಾರು ಅಂತ ಹೇಳುವುದಿಲ್ಲ, ಬದಲಿ ಪಂಪು ಕೊಟ್ಟರು, ಆದರೆ ಅದು ಬರುವ ಹೊತ್ತಿಗೆ ಬೇಸಿಗೆ ಮುಗಿಯುತ್ತಾ ಬಂದಿತ್ತು. ಅವತ್ತು ಅರ್ಥವಾದದ್ದು ಏನೆಂದರೆ, ಪಂಪು ನಿಂತ ಕೂಲ್ ಶರ್ಟ್ ಹಾಕಿಕೊಳ್ಳದೇ ಇರುವುದಕ್ಕಿಂತ ಕೆಟ್ಟದ್ದು. ಟ್ಯೂಬಿನಲ್ಲಿ ನಿಂತ ನೀರು ಕೆಲವೇ ನಿಮಿಷದಲ್ಲಿ ಮೈಯಷ್ಟೇ ಬಿಸಿಯಾಗುತ್ತದೆ. ಆಮೇಲೆ ಅದು ಎದೆ ಬೆನ್ನಿನ ಮೇಲೆ ಇನ್ನೊಂದು ಪದರ, ಅಷ್ಟೇ. ಇನ್ನೂ ಕೆಟ್ಟ ಸಂಗತಿ, ಪಂಪು ಓಡುತ್ತಿದ್ದು ಐಸ್ ಮಾತ್ರ ಮುಗಿದಿದ್ದರೆ ಕಾರಿನ ಶಾಖವನ್ನೇ ತಂದು ಮೈಗೆ ಸುರಿಯುತ್ತಿರುತ್ತದೆ. ಅಂಥ ಹೊತ್ತಲ್ಲಿ ಸ್ವಿಚ್ ಆರಿಸಿಬಿಡಿ. ಪಂಪಿಗೆ ಪ್ರತ್ಯೇಕ ಫ್ಯೂಸ್ ಹಾಕಿ, ವೈರಿನ ತುದಿಗೆ ನೀರು ತಾಗದ ಪ್ಲಗ್ ಬಳಸಿ, ಹೆಚ್ಚುವರಿ ಪಂಪು ಒಂದು ಟೂಲ್ ಬಾಕ್ಸಿನಲ್ಲಿ ಇರಲಿ. ಹೊಸದಾಗಿ ನೀರು ತುಂಬಿದಾಗ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ಪಂಪು ಬರೀ ಸದ್ದು ಮಾಡುವುದುಂಟು. ರೇಸ್ ಶುರುವಾಗುವ ಗ್ರಿಡ್ಡಿಗೆ ಹೋದ ಮೇಲೆ ಅದು ಗೊತ್ತಾದರೆ ಏನೂ ಮಾಡಲಾಗುವುದಿಲ್ಲ. ಪಿಟ್‌ನಲ್ಲೇ ಪೈಪು ಕೆಳಗೆ ಹಿಡಿದು ಗಾಳಿ ಬಿಡಿಸಿ, ವಾಪಸ್ ಪೈಪಿನಲ್ಲಿ ನೀರು ಬೀಳುವುದನ್ನು ಕಣ್ಣಾರೆ ನೋಡಿ, ಆಮೇಲೆ ಮುಚ್ಚಳ ಹಾಕಿ.

ಅಂಗಿಯ ಅಳತೆ ವಿಷಯದಲ್ಲಿ ಒಂದೇ ಮಾತು: ಬಿಗಿ ಇರಬೇಕು. ಟ್ಯೂಬ್ ಚರ್ಮಕ್ಕೆ ತಾಗದಿದ್ದರೆ ಮಧ್ಯೆ ಗಾಳಿ ಉಳಿಯುತ್ತದೆ, ಗಾಳಿ ಶಾಖವನ್ನು ದಾಟಿಸುವುದಿಲ್ಲ. ಎರಡು ಅಳತೆಯ ನಡುವೆ ಅನುಮಾನ ಇದ್ದರೆ ಚಿಕ್ಕದನ್ನೇ ತಗೊಳ್ಳಿ. ನನ್ನ ಎರಡನೇ ಸೆಟ್ಟಿನ ಬನಿಯನ್ ಎಳೆದರೆ ಹಿಗ್ಗುವ ಬಟ್ಟೆಯದು, ಮೊದಲಿನದಕ್ಕಿಂತ ಬಹಳ ವಾಸಿ. ಅದಕ್ಕಿಂತ ಮುಖ್ಯ, ಟ್ಯೂಬ್ ಎಲ್ಲೆಲ್ಲಿ ಹಾದಿದೆ ಅಂತ ನೋಡಿ. ಭುಜದ ಬೆಲ್ಟು, ಅದರ ಕೆಳಗೆ ಕುತ್ತಿಗೆ ಕಾಯುವ ಹ್ಯಾನ್ಸ್ ಎಂಬ ಗಟ್ಟಿ ಪಟ್ಟಿ, ಎರಡೂ ಸೇರಿ ಭುಜವನ್ನು ಬಲವಾಗಿ ಒತ್ತುತ್ತವೆ. ಅಲ್ಲಿ ಟ್ಯೂಬ್ ಇದ್ದರೆ ಚಪ್ಪಟೆಯಾಗಿ ನೀರು ನಿಲ್ಲುತ್ತದೆ, ನೋವೂ ಆಗುತ್ತದೆ. ಸೊಂಟದ ಬೆಲ್ಟಿನ ಕೆಳಗೆ ಕನೆಕ್ಟರ್ ಸಿಕ್ಕಿಕೊಂಡರೆ ಇನ್ನೂ ಅಪಾಯ, ಡಿಕ್ಕಿಯಾದಾಗ ಆ ಗಟ್ಟಿ ಪ್ಲಾಸ್ಟಿಕ್ ಹೊಟ್ಟೆಗೆ ಒತ್ತುತ್ತದೆ. ಮನೆಯಲ್ಲಿ ಅಂಗಿ ಹಾಕಿ ಕನ್ನಡಿ ಮುಂದೆ ನೋಡಿಕೊಂಡರೆ ಇದು ಯಾವುದೂ ತಿಳಿಯುವುದಿಲ್ಲ. ಪೂರ್ತಿ ಸೂಟ್ ಹಾಕಿ, ಸೀಟಿನಲ್ಲಿ ಕೂತು, ಬೆಲ್ಟು ರೇಸಿನಲ್ಲಿ ಎಳೆಯುವಷ್ಟೇ ಬಿಗಿಯಾಗಿ ಎಳೆದು, ಪಂಪು ಹಾಕಿ ನೋಡಿ. ಬೆಲ್ಟು ಬಿಗಿದ ಮೇಲೂ ಮೈಗೆ ತಂಪು ಬರುತ್ತಿದ್ದರೆ ಸರಿ.

ಬಟ್ಟೆ ಹತ್ತಿಯದ್ದೋ ಬೆಂಕಿ ನಿರೋಧಕದ್ದೋ ಅನ್ನುವುದು ನೀವು ಓಡಿಸುವ ರೇಸಿನ ನಿಯಮದ ಮೇಲೆ ನಿಂತಿದೆ. ಮೋಟಾರ್ ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎ ನಿಯಮದಡಿ ನಡೆಯುವ ರೇಸುಗಳಲ್ಲಿ ಒಳಬಟ್ಟೆಗೂ 8856 ಗುಣಮಟ್ಟದ ಗುರುತು ಕೇಳುತ್ತಾರೆ, ಅಲ್ಲಿ ಬರೀ ಹತ್ತಿ ಬನಿಯನ್ ಒಪ್ಪುವುದಿಲ್ಲ. ನಿಯಮ ಏನೇ ಇರಲಿ, ನನ್ನ ಅಭಿಪ್ರಾಯ ಕೇಳಿದರೆ ಬೆಂಕಿ ತಡೆಯುವ ನೋಮೆಕ್ಸ್ ಬಟ್ಟೆಯದ್ದೇ ಕೊಳ್ಳಿ. ಪಾಲಿಯೆಸ್ಟರ್ ಮಾತ್ರ ಖಂಡಿತ ಬೇಡ, ಅದು ಬೆಂಕಿಯಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ.

ಕನೆಕ್ಟರ್ ಬಗ್ಗೆ ಬಹಳ ಜನ ಯೋಚಿಸುವುದೇ ಇಲ್ಲ. ಬೆಂಕಿ ಹತ್ತಿದ ಕಾರಿನಿಂದ ಕೆಲವೇ ಸೆಕೆಂಡಿನಲ್ಲಿ ಹೊರಗೆ ಬರಬೇಕು, ಆಗ ಎರಡು ಪೈಪು ನಿಮ್ಮನ್ನು ಪೆಟ್ಟಿಗೆಗೆ ಕಟ್ಟಿಹಾಕಿರುತ್ತವೆ. ಒಳ್ಳೆಯ ಸೆಟ್ಟಿನಲ್ಲಿ ಡ್ರೈ ಬ್ರೇಕ್ ಕನೆಕ್ಟರ್ ಇರುತ್ತದೆ, ಒಂದು ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ, ಎರಡೂ ಬದಿ ತಾನೇ ಮುಚ್ಚಿಕೊಂಡು ನೀರು ಚೆಲ್ಲುವುದಿಲ್ಲ. ಗುಂಡಿ ಒತ್ತಿ ಬಿಚ್ಚುವ ಬಗೆಯದಾದರೆ ಕೈಗವಸು ಹಾಕಿ, ಕಣ್ಣು ಮುಚ್ಚಿ, ಎಡಗೈಯಲ್ಲಿ ಬಿಚ್ಚುವ ಅಭ್ಯಾಸ ಮಾಡಿ. ಆಗದಿದ್ದರೆ ಆ ಕನೆಕ್ಟರ್ ಬದಲಿಸಿ. ಪೆಟ್ಟಿಗೆಯನ್ನು ಕಟ್ಟುವುದೂ ಅಷ್ಟೇ ಮುಖ್ಯ. ನೀರು, ಐಸ್ ತುಂಬಿದ ಪೆಟ್ಟಿಗೆ ಹತ್ತು ಕೆಜಿ ದಾಟುತ್ತದೆ. ಸೆಟ್ಟಿನ ಜೊತೆ ಬಂದ ತೆಳು ಪಟ್ಟಿ ಸಾಲದು. ಲೋಹದ ತಟ್ಟೆ, ನೆಲಕ್ಕೆ ಬೋಲ್ಟು, ಮೇಲಿಂದ ರ‍್ಯಾಚೆಟ್ ಪಟ್ಟಿ. ಡಿಕ್ಕಿಯಾದಾಗ ಅದು ನಿಮ್ಮ ತಲೆ ಕಡೆ ಹಾರಿ ಬರಬಾರದು.

ತಂಪು ಜಾಸ್ತಿಯಾದರೆ ಒಳ್ಳೆಯದಲ್ಲವೇ ಅಂತ ಕೇಳುತ್ತಾರೆ. ಅಲ್ಲ. ತುಂಬಾ ತಣ್ಣನೆ ನೀರು ಹರಿದರೆ ಚರ್ಮದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಆಗ ಒಳಗಿನ ಬಿಸಿ ರಕ್ತ ಚರ್ಮದವರೆಗೆ ಬರುವುದೇ ಕಡಿಮೆಯಾಗುತ್ತದೆ. ಮೈ ಮೇಲೆ ಚಳಿ, ಒಳಗೆ ಜ್ವರ ಬಂದಷ್ಟು ಬಿಸಿ. ತಂಪು ಅನ್ನಿಸುವುದು ಬೇರೆ ಅಂತ ಮೇಲೆ ಹೇಳಿದ್ದು ಇದಕ್ಕೇ. ಅದಕ್ಕೆ ನೀರಿನ ವೇಗ ಕಡಿಮೆ ಮಾಡುವ ಗುಂಡಿಯೋ, ಬಿಟ್ಟು ಬಿಟ್ಟು ಓಡಿಸುವ ಕಂಟ್ರೋಲರೋ ಇರುವ ಸೆಟ್ ಆರಿಸಿ. ಮೊದಲು ಹೆಚ್ಚು, ಆಮೇಲೆ ಹಿತವಾಗುವಷ್ಟಕ್ಕೆ ಇಳಿಸಿ ಬಿಡಿ, ಐಸೂ ಉಳಿಯುತ್ತದೆ.

ಕೆಲಸ ಮಾಡುತ್ತಿದೆಯೋ ಇಲ್ಲವೋ ಅಳೆಯುವ ಆಸೆ ಇದ್ದರೆ ಎರಡು ಅಗ್ಗದ ಥರ್ಮಾಮೀಟರ್ ಸಾಕು. ಹೋಗುವ ಪೈಪಿಗೊಂದು, ಬರುವ ಪೈಪಿಗೊಂದು. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದು ವಾಪಸ್ ಬರುವಾಗ 4 ಡಿಗ್ರಿ ಬೆಚ್ಚಗಾಗಿದ್ದರೆ ಅದು ಸುಮಾರು 280 ವ್ಯಾಟ್ ಹೊತ್ತುಕೊಂಡು ಬಂದಿದೆ ಅಂತ. ವ್ಯತ್ಯಾಸ ಒಂದೇ ಡಿಗ್ರಿ ಇದ್ದರೆ ಅಂಗಿ ಸಡಿಲ ಇದೆ.

ಬೇರೆ ಸಾಮಾನುಗಳ ಬಗ್ಗೆಯೂ ಕೇಳುತ್ತಾರೆ. ಹೆಲ್ಮೆಟ್‌ಗೆ ಗಾಳಿ ಊದುವ ಫ್ಯಾನ್ ನನ್ನ ಹತ್ತಿರವೂ ಇದೆ, ಬಹಳ ಇಷ್ಟ. ಮುಖಕ್ಕೆ ಗಾಳಿ ಬಂದರೆ ಮನಸ್ಸಿಗೆ ಆಗುವ ಸಮಾಧಾನವೇ ಬೇರೆ, ಗಾಜಿಗೆ ಹಬೆ ಹಿಡಿಯುವುದಿಲ್ಲ. ಆದರೆ ಅದರಿಂದ ಹೋಗುವ ಶಾಖ ಕಡಿಮೆ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಹೀರುವ ಶಾಖ ಒಂದು ಲೀಟರ್ ಗಾಳಿ ಹೀರುವುದಕ್ಕಿಂತ ಸುಮಾರು 3500 ಪಟ್ಟು ಹೆಚ್ಚು. ಗಾಳಿಯನ್ನು ಕಾರಿನ ಒಳಗಿಂದಲೇ ಎಳೆದರೆ 50 ಡಿಗ್ರಿಯ ಗಾಳಿ ಮುಖಕ್ಕೆ ಬರುತ್ತದೆ. ಹೊರಗಿನಿಂದಲೇ ಎಳೆಯಿರಿ, ಎಕ್ಸಾಸ್ಟ್ ಹೊಗೆ ಬರದ ಜಾಗದಿಂದ. ಕಾರ್ಬನ್ ಮೊನಾಕ್ಸೈಡ್ ಹಿಡಿಯುವ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು, ಅಮೆರಿಕದ ನಾಸ್ಕಾರ್ ರೇಸಿನ ಚಾಲಕರು ವರ್ಷಗಳಿಂದ ಬಳಸುತ್ತಿದ್ದಾರೆ. ಅಂಗಿ ಇದ್ದ ಮೇಲೆ ಇದು ಎರಡನೆಯದಾಗಿ ಬರಲಿ, ಅಂಗಿಯ ಬದಲಿಗೆ ಬೇಡ.

ಐಸ್ ಪ್ಯಾಕ್ ಅಥವಾ ಜೆಲ್ ತುಂಬಿದ ವೆಸ್ಟ್‌ಗಳನ್ನು (ತೋಳಿಲ್ಲದ ಅಂಗಿ) ಕಾರು ಹತ್ತುವವರೆಗೆ ಹಾಕಿಕೊಳ್ಳಲು ಬಳಸಿ, ಅದಕ್ಕೆ ಅವು ಬಹಳ ಚೆನ್ನಾಗಿವೆ. ಸೂಟ್ ಒಳಗೆ ಬೇಡ. ದಪ್ಪ, ಬೆಲ್ಟು ಸರಿಯಾಗಿ ಕೂರುವುದಿಲ್ಲ, ಕರಗಿದ ಮೇಲೆ ಬರೀ ಭಾರ. ಕೆಲವದರಲ್ಲಿ ಮೇಣದಂಥ ಪ್ಯಾರಾಫಿನ್ ಇರುತ್ತದೆ, ಅದು ಉರಿಯುವ ವಸ್ತು. ನೀರಿನಲ್ಲಿ ನೆನೆಸಿ ಹಾಕುವ ವೆಸ್ಟ್ ಸೂಟ್ ಒಳಗೆ ಕೆಲಸವನ್ನೇ ಮಾಡುವುದಿಲ್ಲ. ಬೆವರೇ ಆರದ ಜಾಗದಲ್ಲಿ ನೀರು ಹೇಗೆ ಆರಬೇಕು?

ಪುಟ್ಟ ಕಂಪ್ರೆಸರ್ ಇರುವ ಯಂತ್ರಗಳು ಬಂದಿವೆ, ಐಸೇ ಬೇಡ, ಫ್ರಿಜ್ಜಿನ ಹಾಗೆ ನೀರನ್ನು ತಾನೇ ತಂಪು ಮಾಡಿ ಅಂಗಿಗೆ ಕಳಿಸುತ್ತದೆ. ರೇಸ್ ಎಷ್ಟು ಉದ್ದವಾದರೂ ತಂಪು ನಿಲ್ಲುವುದಿಲ್ಲ, ಪಿಟ್‌ನಲ್ಲಿ ಐಸ್ ಹೊರುವ ಕೆಲಸ ಇಲ್ಲ. ಆರು, ಎಂಟು, 24 ಗಂಟೆಯ ರೇಸ್ ಓಡಿಸುವ ತಂಡಗಳಿಗೆ ಇದೇ ಸರಿ. ಆದರೆ ಅದು ನೀರಿನಿಂದ ತೆಗೆದ ಶಾಖವನ್ನು ಎಲ್ಲೋ ಬಿಡಬೇಕಲ್ಲ? ಯಂತ್ರವನ್ನು ಕಾರಿನ ಒಳಗೇ ಇಟ್ಟು ಹೊರಗಿನ ಗಾಳಿ ಕೊಡದಿದ್ದರೆ ಅದು ಕಾಕ್‌ಪಿಟ್ಟನ್ನೇ ಇನ್ನಷ್ಟು ಬಿಸಿ ಮಾಡುತ್ತದೆ, ತಾನೂ ಸೋಲುತ್ತದೆ. ಗಾಳಿ ಬರುವ, ಹೋಗುವ ಎರಡೂ ಕೊಳವೆ ಹೊರಗೆ ಹೋಗಬೇಕು. ಆಲ್ಟರ್ನೇಟರ್‌ಗೆ ಅಷ್ಟು ಕರೆಂಟ್ ಕೊಡುವ ಶಕ್ತಿ ಇದೆಯಾ ಅಂತಲೂ ಮೊದಲೇ ನೋಡಿ.

ವಿಮಾನ ರೇಸ್ ಮಾಡುವ ಪೈಲಟ್‌ಗಳ ಕಷ್ಟ ಇದಕ್ಕಿಂತ ಸ್ವಲ್ಪ ಬೇರೆ. ತಲೆಯ ಮೇಲೆ ಪಾರದರ್ಶಕ ಗುಮ್ಮಟ, ಬಿಸಿಲು ಒಳಗೆ ಬರುತ್ತದೆ, ಶಾಖ ಹೊರಗೆ ಹೋಗುವುದಿಲ್ಲ. ವೇಗಕ್ಕಾಗಿ ಗಾಳಿ ನುಗ್ಗುವ ಸಂದುಗಳನ್ನೆಲ್ಲ ಟೇಪ್ ಹಾಕಿ ಮುಚ್ಚಿರುತ್ತಾರೆ. ಎತ್ತರಕ್ಕೆ ಹೋದರೆ ತಂಪಾದರೂ ಸಿಗುತ್ತಿತ್ತು, ರೇಸ್ ನಡೆಯುವುದು ನೆಲದ ಹತ್ತಿರದಲ್ಲೇ. ಜೊತೆಗೆ ತಿರುವಿನಲ್ಲಿ ಜಿ ಒತ್ತಡ, ಅಂದರೆ ಮೈಯ ತೂಕವೇ ಹಲವು ಪಟ್ಟು ಹೆಚ್ಚಾದ ಹಾಗೆ ಒತ್ತುವ ಬಲ. ಮೈ ಕಾದು ನೀರು ಕಡಿಮೆಯಾದಾಗ ಜಿ ತಡೆಯುವ ಶಕ್ತಿ ಇಳಿಯುತ್ತದೆ, ಕಾರಿನವರಿಗೆ ಬ್ರೇಕ್ ತಪ್ಪಿದರೆ ಕಾರನ್ನು ತಡೆದು ನಿಲ್ಲಿಸಲು ಟ್ರ್ಯಾಕ್ ಪಕ್ಕ ಮರಳು ಇದೆ, ಇವರಿಗೆ ಏನೂ ಇಲ್ಲ. ವಿಮಾನ ಹಾರಿಸುವ ಗೆಳೆಯನಿಗೆ ನನ್ನ ಸೆಟ್ ಕೊಟ್ಟು ನೋಡಿದೆ. ಅವನು ಹೇಳಿದ್ದು, ಹಾರಾಟಕ್ಕಿಂತ ರನ್‌ವೇ ಹತ್ತಿರ ಇಂಜಿನ್ ಹಾಕಿ ಸರದಿ ಕಾಯುವ ಹೊತ್ತೇ ಕೊಲ್ಲುವುದು, ಆಗ ಈ ಅಂಗಿ ದೇವರು ಕೊಟ್ಟ ಹಾಗಿತ್ತು ಅಂತ. ತೂಕ ಮಾತ್ರ ಅವನಿಗೆ ಒಪ್ಪಿಗೆ ಆಗಲಿಲ್ಲ. ಹಾರಾಟ ಚಿಕ್ಕದು, ಎರಡು ಕೆಜಿ ಐಸ್ ಹಿಡಿಯುವ ಪುಟ್ಟ ಚೀಲ ಅವರಿಗೆ ಸಾಕು. ಅಂದಹಾಗೆ ಈ ಅಂಗಿ ಹುಟ್ಟಿದ್ದೇ ಪೈಲಟ್‌ಗಳಿಗಾಗಿ. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನಲ್ಲಿ ನೀರು ಹರಿಯುವ ಉಡುಪು ಮಾಡಿ ನೋಡಿದರು. ಆಮೇಲೆ ಅಪೊಲೊ ಗಗನಯಾತ್ರಿಗಳು ಚಂದ್ರನ ಮೇಲೆ ನಡೆದದ್ದು ಅಂಥದ್ದೇ ಒಳಉಡುಪು ಹಾಕಿಕೊಂಡು.

ಫಾರ್ಮುಲಾ ಒನ್ ಇದಕ್ಕೆ ಬಂದದ್ದು ತಡವಾಗಿ. ಕತಾರ್ ಆದ ಮೇಲೆ ಎಫ್‌ಐಎ ನಿಯಮ ಮಾಡಿತು. 2025ರಿಂದ, ತೇವವನ್ನೂ ಸೇರಿಸಿ ಲೆಕ್ಕ ಹಾಕಿದ ಸೆಕೆಯ ಸೂಚ್ಯಂಕ 31 ಡಿಗ್ರಿ ದಾಟುವ ಮುನ್ಸೂಚನೆ ಇದ್ದರೆ ಶಾಖದ ಅಪಾಯ ಅಂತ ಘೋಷಿಸುತ್ತಾರೆ, ಆಗ ಎಲ್ಲ ಕಾರಿನಲ್ಲೂ ತಂಪು ವ್ಯವಸ್ಥೆ ಇರಬೇಕು, ರೇಸಿಗೆ ಕಾರಿನ ಕನಿಷ್ಠ ತೂಕಕ್ಕೆ 5 ಕೆಜಿ ಸೇರಿಸುತ್ತಾರೆ. ಮೊದಲ ಸಲ ಘೋಷಿಸಿದ್ದು ಆ ವರ್ಷದ ಸಿಂಗಪುರದಲ್ಲಿ. 2025ರಲ್ಲಿ ಅಂಗಿ ಹಾಕಲೇಬೇಕು ಅಂತೇನಿರಲಿಲ್ಲ, ಬೇಡ ಅನ್ನುವವರು ಅದರ ಬದಲಿಗೆ ಕಾರಿನಲ್ಲಿ ಅರ್ಧ ಕೆಜಿ ತೂಕ ಹೊತ್ತುಕೊಳ್ಳಬೇಕಿತ್ತು. ಚಾಲಕರಲ್ಲಿ ಜಾರ್ಜ್ ರಸೆಲ್ ಇದರ ಪರ, ಮ್ಯಾಕ್ಸ್ ವೆರ್ಸ್ಟಾಪೆನ್‌ಗೆ ಟ್ಯೂಬು ಬೆಲ್ಟಿನ ಕೆಳಗೆ ಬರುವುದು ಇಷ್ಟವಿಲ್ಲ. ವೆರ್ಸ್ಟಾಪೆನ್ ಹೇಳುವುದರಲ್ಲಿ ಹುರುಳಿದೆ, ಆ ಸೀಟುಗಳು ಮೈಯಚ್ಚಿಗೆ ಮಾಡಿದವು, ಒಂದು ಟ್ಯೂಬಿಗೂ ಜಾಗ ಇರುವುದಿಲ್ಲ. ಆದರೆ ತೂಕ ಎಲ್ಲರಿಗೂ ಒಂದೇ ಮಾಡಿದ್ದು ತುಂಬಾ ಸರಿಯಾದ ಕೆಲಸ. ಇಲ್ಲದಿದ್ದರೆ ಸೆಕೆಂಡಿನ ಚೂರಿಗಾಗಿ ಎಲ್ಲರೂ ಅಂಗಿ ಬಿಟ್ಟು ಹೋಗುತ್ತಿದ್ದರು. ಸಣ್ಣ ರೇಸ್ ನಡೆಸುವವರೂ ಇದನ್ನು ನೋಡಿ ಕಲಿಯಲಿ, ಕೂಲ್ ಶರ್ಟ್ ಪೆಟ್ಟಿಗೆಯ ತೂಕವನ್ನು ಕಾರಿನ ತೂಕದಲ್ಲಿ ಬಿಟ್ಟುಕೊಡಲಿ.

ಅಂಗಿಯಿಂದ ಆಗದ ಕೆಲಸಗಳೂ ಇವೆ. ಅದು ಎದೆ ಬೆನ್ನಿನ ಶಾಖ ಮಾತ್ರ ತೆಗೆಯುತ್ತದೆ, ಉಳಿದ ಮೈ ಬೆವರುತ್ತಲೇ ಇರುತ್ತದೆ, ಹಾಗಾಗಿ ನೀರು ಕುಡಿಯಲೇಬೇಕು, ಜೊತೆಗೆ ಉಪ್ಪಿನಂಶ ಬೇಕು. ಕುಡಿಯುವ ನೀರಿನ ಚೀಲವನ್ನು ಐಸ್ ಪೆಟ್ಟಿಗೆಯ ಒಳಗೇ ಒಂದು ಮೂಲೆಯಲ್ಲಿ ಇಟ್ಟುಬಿಡಿ, ಬಿಸಿ ನೀರು ಕುಡಿಯುವ ಕಷ್ಟ ತಪ್ಪುತ್ತದೆ. ಕಾರನ್ನೇ ತಂಪು ಮಾಡುವ ಕೆಲಸವೂ ಉಳಿದಿರುತ್ತದೆ. ಎಕ್ಸಾಸ್ಟಿಗೆ ಶಾಖ ತಡೆಯುವ ಪಟ್ಟಿ ಸುತ್ತುವುದು, ನೆಲಕ್ಕೆ ಹೊಳೆಯುವ ಹಾಳೆ ಅಂಟಿಸುವುದು, ಗಾಳಿ ಒಳಗೆ ಬರುವಷ್ಟೇ ಹೊರಗೆ ಹೋಗಲೂ ದಾರಿ ಮಾಡುವುದು. ಸೆಕೆ ಸೀಸನ್ನಿಗೆ ಮುಂಚೆ ಎರಡು ವಾರ ದಿನಾ ಬಿಸಿಲಲ್ಲಿ ಬೆವರುವಷ್ಟು ವ್ಯಾಯಾಮ ಮಾಡಿದರೆ ಮೈ ಹೊಂದಿಕೊಳ್ಳುತ್ತದೆ, ಇದನ್ನು ಯಾವ ಅಂಗಿಯೂ ಕೊಡುವುದಿಲ್ಲ. ಮತ್ತು ದಯವಿಟ್ಟು ಇದೊಂದನ್ನು ನೆನಪಿಡಿ: ಸೆಕೆಯಲ್ಲಿ ಮೈ ನಡುಗಿದರೆ, ಚಳಿಗೆ ಆಗುವಂತೆ ಮೈ ಕೂದಲು ನಿಮಿರಿದರೆ, ಗೊತ್ತಿರುವ ತಿರುವು ತಪ್ಪಿದರೆ ಪಿಟ್‌ಗೆ ಬನ್ನಿ. ಆ ಹೊತ್ತಲ್ಲಿ ಚಾಲಕನಿಗೆ ತಾನು ಸರಿಯಾಗೇ ಇದ್ದೇನೆ ಅನ್ನಿಸುತ್ತಿರುತ್ತದೆ, ಹಾಗಾಗಿ ರೇಡಿಯೋದಲ್ಲಿರುವವರು ಆಗಾಗ ಮಾತಾಡಿಸುತ್ತಿರಬೇಕು. ಮಾತು ತೊದಲಿದರೆ, ಗೊಂದಲವಾದರೆ ಇಳಿಸಿ, ಸೂಟ್ ಬಿಚ್ಚಿ, ತಣ್ಣೀರಿನಲ್ಲಿ ಮುಳುಗಿಸಿ. ಅದಕ್ಕೆ ತೊಟ್ಟಿ ಇಲ್ಲದಿದ್ದರೆ ಐಸ್ ಪೆಟ್ಟಿಗೆಯ ನೀರನ್ನೇ ಮೈ ಮೇಲೆ ಸುರಿಯಿರಿ, ವೈದ್ಯರನ್ನು ಕರೆಯಿರಿ.

ನಿರ್ವಹಣೆ ಸುಲಭ. ರೇಸ್ ಆದ ಮೇಲೆ ಟ್ಯೂಬಿನ ನೀರು ಪೂರ್ತಿ ಊದಿ ತೆಗೆಯಿರಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ, ಸಣ್ಣ ಟ್ಯೂಬ್ ಒಮ್ಮೆ ಕಟ್ಟಿದರೆ ಬಿಡಿಸುವುದು ಕಷ್ಟ. ಅಂಗಿಯನ್ನು ಕೈಯಲ್ಲೇ ಒಗೆಯಿರಿ, ಹಿಂಡಬೇಡಿ, ನೆರಳಲ್ಲಿ ನೇತುಹಾಕಿ. ಟ್ಯೂಬ್ ಮಡಚಿಟ್ಟರೆ ಮಡಚಿದ ಜಾಗದಲ್ಲಿ ಗಂಟು ಬೀಳುತ್ತದೆ.

ಕೊಳ್ಳುವಾಗ ಆಯ್ಕೆ ಹೀಗಿರಲಿ: ಒಂದು ಗಂಟೆಯವರೆಗಿನ ರೇಸಿಗೆ ಮಧ್ಯಮ ಅಳತೆಯ ಐಸ್ ಪೆಟ್ಟಿಗೆ, ಪಾಳಿ ಮೇಲೆ ಓಡಿಸುವವರಿಗೆ ದೊಡ್ಡ ಪೆಟ್ಟಿಗೆ ಒಂದು, ಆದರೆ ಅಂಗಿ ಒಬ್ಬೊಬ್ಬರಿಗೂ ಬೇರೆ ಬೇರೆ. ಅಂಗಿ ಹಂಚಿಕೊಂಡರೆ ಅಳತೆ ಯಾರಿಗೂ ಸರಿಯಾಗುವುದಿಲ್ಲ. ತಯಾರಕರಲ್ಲಿ ನನ್ನದೊಂದು ಬೇಡಿಕೆ ಇದೆ. ಅಂಗಿಗೆ ಹೋಗುವ ನೀರು ಎಷ್ಟು ಡಿಗ್ರಿ ಇದೆ ಅಂತ ತೋರಿಸುವ ಒಂದು ಸಣ್ಣ ದೀಪವನ್ನು ಸ್ವಿಚ್ಚಿನ ಪಕ್ಕ ಎಲ್ಲ ಸೆಟ್ಟಿನಲ್ಲೂ ಕೊಡಿ. ತಣ್ಣಗಿದ್ದರೆ ಹಸಿರು, ಐಸ್ ಮುಗಿದರೆ ಕೆಂಪು. ಈಗ ದುಬಾರಿ ಸೆಟ್ಟಿನವರಿಗೆ ಮಾತ್ರ ಅಂಥದ್ದು ಸಿಗುತ್ತದೆ, ಉಳಿದವರು ಬೆನ್ನು ಬಿಸಿಯಾದ ಮೇಲೆ ತಿಳಿದುಕೊಳ್ಳಬೇಕು, ಅಷ್ಟರಲ್ಲಿ ತಡವಾಗಿರುತ್ತದೆ.